ಟಿವಿ ಧಾರಾವಾಹಿಗೆ ಟೈಟಲ್ ಸೀಕ್ವೆನ್ಸ್ ಮಾಡಬೇಕು: ಒಂದು ಕೀಲಿಕೈ, ಒಂದು ಮುಳುಗಿದ ಊರು, ಕೈಯಲ್ಲಿ ಮೂರು ವಾರ

ಕೊಪ್ಪಳದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದಲ್ಲಿ ಡಿಗ್ರಿ ಕೊನೆ ವರ್ಷ ಓದುತ್ತಿದ್ದೇನೆ, ಪತ್ರಿಕೋದ್ಯಮ ನನ್ನ ವಿಷಯ. ಈ ಸೆಮಿಸ್ಟರ್‌ನಲ್ಲಿ ನಮ್ಮ ನಾಲ್ಕು ಜನರ ಗುಂಪಿಗೆ ಬಂದ ಪ್ರಾಜೆಕ್ಟ್ ಇದು: ಹೊಸದೊಂದು ಟಿವಿ ಧಾರಾವಾಹಿ ಕಲ್ಪಿಸಿಕೊಂಡು ಅದರ ಟೈಟಲ್ ಸೀಕ್ವೆನ್ಸ್, ಅಂದರೆ ಶುರುವಿನಲ್ಲಿ ಹೆಸರುಗಳು ಬರುವ ಭಾಗ, ಅಷ್ಟು ಮಾತ್ರ ಮಾಡಬೇಕು. ಕಂತು ಬೇಡ. 60ರಿಂದ 90 ಸೆಕೆಂಡ್ ಇರಬೇಕು. ಜೊತೆಗೆ ಸ್ಟೋರಿಬೋರ್ಡ್ (ಶಾಟ್‌ಗಳನ್ನು ಮೊದಲೇ ಚಿತ್ರ ಬರೆದು ತೋರಿಸುವುದು), ಮತ್ತೆ ಯಾಕೆ ಹೀಗೆ ಮಾಡಿದಿರಿ ಅನ್ನುವುದಕ್ಕೆ ಒಂದು ಬರಹ. ಮೂರು ವಾರ ಟೈಮ್ ಇದೆ.

ಕಥೆ ಹೀಗಿದೆ. ತುಂಗಭದ್ರಾ ಅಣೆಕಟ್ಟು ಕಟ್ಟುವಾಗ ಹಿನ್ನೀರಿಗೆ ಹೋದ ಒಂದು ಊರು. ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ಮುಗಿಯಿತು. ಊರು ಬಿಡುವ ದಿನ ಒಬ್ಬ ಹೆಣ್ಣುಮಗಳು ಮನೆಗೆ ಕೀಲಿ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಚಕ್ಕಡಿ ಹತ್ತುತ್ತಾಳೆ. ಈಗ ಅವಳಿಲ್ಲ. ಮೊಮ್ಮಕ್ಕಳು ಪರಿಹಾರದ ಹಣ ಯಾರ ಕೈ ಸೇರಿತು ಅಂತ ಜಗಳ ಆಡುತ್ತಿದ್ದಾರೆ. ಕೀಲಿಕೈ ಮಾತ್ರ ದೇವರ ಜಗಲಿ ಮೇಲೆ ಇದೆ. ಧಾರಾವಾಹಿಯ ಹೆಸರೇ 'ಕೀಲಿಕೈ'. ಇದರ ಎಳೆ ನಮ್ಮ ಮನೆಯದೇ. ನನ್ನ ಮುತ್ತಜ್ಜಿ ತಂದ ಕೀಲಿಕೈ ಇವತ್ತಿಗೂ ನಮ್ಮ ಮನೆಯಲ್ಲಿದೆ. ಅದಕ್ಕೇ ಇದನ್ನು ಸುಮ್ನೆ ಮಾರ್ಕ್ಸ್‌ಗೋಸ್ಕರ ಮಾಡಿ ಮುಗಿಸಲು ಮನಸ್ಸು ಬರುತ್ತಿಲ್ಲ.

ಸದ್ಯಕ್ಕೆ ಹಾಕಿಕೊಂಡ ಪ್ಲಾನ್: ಡ್ರೋನ್‌ನಲ್ಲಿ ಅಣೆಕಟ್ಟು, ಗೇಟು ತೆರೆದು ನೀರು ನುಗ್ಗುವುದು, ಆಮೇಲೆ ಒಬ್ಬೊಬ್ಬ ಪಾತ್ರಧಾರಿ ತಿರುಗಿ ನೋಡುವುದು, ಪಕ್ಕದಲ್ಲಿ ಅವರ ಹೆಸರು. ಮುಖದೊಳಗೆ ನೀರು ಕಾಣುವ ಹಾಗೆ ಡಬಲ್ ಎಕ್ಸ್‌ಪೋಶರ್, ಅಂದರೆ ಒಂದು ಚಿತ್ರದ ಮೇಲೆ ಇನ್ನೊಂದು. ಕೈಯಲ್ಲಿರುವುದು ಎರಡು ಮೊಬೈಲ್, ಒಂದು ಟ್ರೈಪಾಡ್, ಒಂದು ಲ್ಯಾಪ್‌ಟಾಪ್. ಹೇಗಿದೆ ಹೇಳಿ. ಸರಿ ಇಲ್ಲ ಅನಿಸಿದರೆ ಅದನ್ನೂ ಹೇಳಿ.

ಕೌಲ್‌ಬಜಾರ್ ಎಡಿಟರ್

ತಂಗಿ, ಕಥೆ ತುಂಬಾ ಚೆನ್ನಾಗಿದೆ. ಪ್ಲಾನ್ ಬಗ್ಗೆ ಮಾತ್ರ ಎರಡು ಮಾತು. ನಾನು ಬಳ್ಳಾರಿಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವವನು. ಹನ್ನೊಂದು ವರ್ಷದಿಂದ ಇದೇ ಕೆಲಸ.

ಮೊದಲನೆಯದು, ಗೇಟಿನ ಶಾಟ್ ಬಿಟ್ಟುಬಿಡಿ. ಅಣೆಕಟ್ಟಿನ ಹತ್ತಿರ ಅನುಮತಿ ಇಲ್ಲದೆ ಡ್ರೋನ್ ಹಾರಿಸುವ ಹಾಗಿಲ್ಲ, ಅದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತಲ್ಲ, ಆ ವಿಡಿಯೋ ನಮ್ಮ ಕಡೆ ಪ್ರತಿಯೊಬ್ಬರ ಮೊಬೈಲ್‌ನಲ್ಲೂ ಬಂದಿತ್ತು. ಎರಡು ಬೆಳೆಗೆ ನೀರು ಸಿಗುತ್ತೋ ಇಲ್ಲವೋ ಅಂತ ಜನ ನಿದ್ದೆ ಬಿಟ್ಟಿದ್ದರು. ಈಗ ನೀವು ಗೇಟಿನಿಂದ ನೀರು ನುಗ್ಗುವುದು ತೋರಿಸಿದರೆ ನೋಡುವವರಿಗೆ ಅದೇ ನೆನಪಾಗುತ್ತದೆ. ನಿಮ್ಮದು ನೀರು ಹೊರಗೆ ಹೋದ ಕಥೆ ಅಲ್ಲ. ನೀರು ಬಂದು ನಿಂತ ಕಥೆ.

ಎರಡನೆಯದು ಲೆಕ್ಕ. 75 ಸೆಕೆಂಡ್ ಅಂದುಕೊಳ್ಳಿ. ನಮ್ಮ ದೇಶದ ಟಿವಿಗೆ ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ಅಂದರೆ ಒಟ್ಟು 1875 ಫ್ರೇಮ್. ಒಂದು ಹೆಸರಿನ ಕಾರ್ಡ್ ತೆರೆಯ ಮೇಲೆ ಎಷ್ಟು ಹೊತ್ತು ಇರಬೇಕು ಅಂತ ಗೊತ್ತಾಗಬೇಕಾದರೆ ಅದನ್ನು ಬಾಯಿಬಿಟ್ಟು ಎರಡು ಸಲ ಓದಿ. ಸಾಮಾನ್ಯವಾಗಿ ಮೂರು ಸೆಕೆಂಡ್ ಆಗುತ್ತದೆ. ಒಂಬತ್ತು ಕಾರ್ಡ್ ಇದ್ದರೆ 27 ಸೆಕೆಂಡ್, ಧಾರಾವಾಹಿಯ ಹೆಸರಿಗೆ ಐದು. ಹೆಚ್ಚು ಕಡಿಮೆ ಅರ್ಧ ಟೈಮ್ ಅಕ್ಷರಕ್ಕೇ ಹೋಯಿತು. ಆ ಹೊತ್ತಿನಲ್ಲಿ ಚಿತ್ರದಲ್ಲಿ ಜಾಸ್ತಿ ಗದ್ದಲ ಇರಬಾರದು, ಯಾಕಂದರೆ ಕಣ್ಣು ಓದುತ್ತಿರುತ್ತದೆ. ಆದ್ದರಿಂದ ಮೊದಲು ಪೇಪರ್ ಮೇಲೆ ಒಂದು ಗೆರೆ ಎಳೆದು 75 ಭಾಗ ಮಾಡಿ. ಹೆಸರು ಎಲ್ಲೆಲ್ಲಿ ಬರುತ್ತದೆ ಅಂತ ಗುರುತು ಹಾಕಿ. ಶಾಟ್ ಆಮೇಲೆ.

ಮಾನ್ವಿ ಮೇಷ್ಟ್ರು

ಡಬಲ್ ಎಕ್ಸ್‌ಪೋಶರ್ ಎಲ್ಲಿಂದ ಬಂದಿರಬಹುದು ಅಂತ ಊಹಿಸಬಲ್ಲೆ. 2014ರಲ್ಲಿ ಬಂದ ಅಮೆರಿಕದ ಧಾರಾವಾಹಿ 'ಟ್ರೂ ಡಿಟೆಕ್ಟಿವ್' ಟೈಟಲ್ ನೋಡಿದ ಮೇಲೆ ಎಲ್ಲ ವಿದ್ಯಾರ್ಥಿಗಳಿಗೂ ಅದನ್ನೇ ಮಾಡಬೇಕು ಅನಿಸುತ್ತದೆ. ಅದಕ್ಕೆ ಆ ವರ್ಷ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಯೂ ಬಂತು. ಅಲ್ಲಿ ಅದು ಯಾಕೆ ಒಪ್ಪಿತು ಅಂದರೆ, ಆ ಕಥೆ ನಡೆಯುವ ಲೂಸಿಯಾನಾ ರಾಜ್ಯದ ಕಾರ್ಖಾನೆಗಳು ಮತ್ತು ಹಾಳುಬಿದ್ದ ನೆಲ ಆ ಮನುಷ್ಯರ ಒಳಗೂ ಇದ್ದವು. ನಿಮ್ಮ ಕಥೆಯಲ್ಲಿ ನೀರು ಯಾರ ಒಳಗೂ ಇಲ್ಲ. ಅದು ಊರಿನ ಮೇಲಿದೆ. ಹಾಗಾಗಿ ಆ ಉಪಾಯ ನಿಮಗೆ ಹೊಂದುವುದಿಲ್ಲ.

ನಾನು ತರಗತಿಯಲ್ಲಿ ಹೇಳುವ ಮಾತನ್ನೇ ಇಲ್ಲೂ ಹೇಳುತ್ತೇನೆ. ನಮ್ಮ ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ಕಥೆ ಶುರುವಾಗುವುದಿಲ್ಲ. ಮೊದಲು ಗಣಪತಿ ಸ್ತುತಿ. ಆಮೇಲೆ ಪಾತ್ರ ಕುಣಿಯುತ್ತಾ ಬರುತ್ತದೆ, ಆಟ ನಡೆಸುವ ಸಾರಥಿ ಎದುರು ನಿಂತು ಕೇಳುತ್ತಾನೆ: ತಾವು ಯಾರು, ಯಾವ ಪಟ್ಟಣ, ಇಲ್ಲಿಗೆ ಬಂದ ಕಾರಣ ಏನು? ಟೈಟಲ್ ಸೀಕ್ವೆನ್ಸ್ ಮಾಡಬೇಕಾದ್ದು ಇದೇ ಕೆಲಸ. ಒಂದೇ ವ್ಯತ್ಯಾಸ, ಟೈಟಲ್ ಆ ಪ್ರಶ್ನೆಯನ್ನು ಕೇಳಬೇಕು, ಉತ್ತರ ಹೇಳಬಾರದು. ಉತ್ತರಕ್ಕೆ ಕಂತುಗಳಿವೆ.

'ಮಾಲ್ಗುಡಿ ಡೇಸ್' ನೋಡಿ. ಶಂಕರ್ ನಾಗ್ ನಿರ್ದೇಶನ. ಟೈಟಲ್‌ನಲ್ಲಿ ಕಾಣುವುದು ಆರ್. ಕೆ. ಲಕ್ಷ್ಮಣ್ ಬರೆದ ಚಿತ್ರಗಳು, ಕೇಳುವುದು ಎಲ್. ವೈದ್ಯನಾಥನ್ ಅವರ ಸಂಗೀತ. ಯಾವ ಕಥೆಯನ್ನೂ ಅದು ಹೇಳುವುದಿಲ್ಲ. ಆದರೆ ಅದು ಮುಗಿಯುವ ಹೊತ್ತಿಗೆ ನಾವು ಆ ಊರಿನೊಳಗೆ ಕೂತಿರುತ್ತೇವೆ.

ನಿಮ್ಮ ಗುಂಪು ಕೂತು ಒಂದೇ ಒಂದು ವಾಕ್ಯ ಬರೆಯಿರಿ. ಪ್ರಶ್ನೆಯ ರೂಪದಲ್ಲಿ. ಆ ಪ್ರಶ್ನೆಗೆ ಸೇರದ ಶಾಟ್ ಎಷ್ಟೇ ಚಂದ ಇದ್ದರೂ ಬೇಡ.

ಕೊಪ್ಪಳದ ಹುಡುಗಿ

ಸರ್, ಅಣ್ಣ, ಇಬ್ಬರಿಗೂ ಧನ್ಯವಾದ. ನಿನ್ನೆ ಸಂಜೆ ಕೂತೆವು. ಒಂದೂವರೆ ತಾಸು ಜಗಳ ಆಯಿತು, ಆಮೇಲೆ ಈ ವಾಕ್ಯ ಬಂತು: "ಬಾಗಿಲೇ ಇಲ್ಲದ ಮೇಲೆ ಕೀಲಿಕೈ ಯಾಕೆ ಇಟ್ಟುಕೊಂಡಿದ್ದಾರೆ?"

ಇದನ್ನು ಬರೆದ ಮೇಲೆ ಮುಖಗಳ ಶಾಟ್ ತಾನಾಗಿಯೇ ಬಿದ್ದುಹೋಯಿತು. ಉಳಿದದ್ದು ಮೂರು: ಕೀಲಿಕೈ, ಮನೆ, ನೀರು. ಆದರೆ ಮುಳುಗುವ ಮನೆಯನ್ನು ಎರಡು ಮೊಬೈಲ್‌ನಲ್ಲಿ ಹೇಗೆ ತೆಗೆಯುವುದು? ಒಬ್ಬ ಗೆಳೆಯ ಮೀನಿನ ಗಾಜಿನ ತೊಟ್ಟಿಯಲ್ಲಿ ಗೊಂಬೆ ಮನೆ ಮುಳುಗಿಸೋಣ ಅಂದ. ಮಾಡಿ ನೋಡಿದೆವು. ಆಟಿಕೆ ನೀರಿಗೆ ಬಿದ್ದ ಹಾಗೇ ಕಂಡಿತು.

ಇನ್ನೊಂದು ಪ್ರಶ್ನೆ. ಹಾಡು ಬೇಕಾ? ನಮ್ಮಲ್ಲಿ ಇಬ್ಬರು ಬೇಕು ಅಂತಾರೆ, ಇಬ್ಬರು ಬೇಡ ಅಂತಾರೆ.

ರಾಯಚೂರು ಗೃಹಿಣಿ

ನಾನು ಸಿನಿಮಾ ಓದಿದವಳಲ್ಲ, ಧಾರಾವಾಹಿ ನೋಡುವವಳು. ನೋಡುವವರ ಕಡೆಯಿಂದ ಒಂದು ಮಾತು ಹೇಳಲಾ?

ಸಂಜೆ ಏಳರ ಹೊತ್ತಿಗೆ ನಾನು ಟಿವಿ ಮುಂದೆ ಇರುವುದಿಲ್ಲ. ರೊಟ್ಟಿ ಬಡಿಯುತ್ತಾ ಇರುತ್ತೇನೆ. ಟಿವಿ ಹಚ್ಚಿರುತ್ತದೆ, ಹಾಲ್‌ನಲ್ಲಿ ಅತ್ತೆ ಇರುತ್ತಾರೆ. ಟೈಟಲ್ ಹಾಡು ಕೇಳಿದ ಕೂಡಲೇ ಹಂಚು ಇಳಿಸಿ ಬರುತ್ತೇನೆ. ಅಂದರೆ ನನಗೆ ಧಾರಾವಾಹಿ ಶುರುವಾಗುವುದು ಕಿವಿಯಲ್ಲಿ. ನಮ್ಮ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಹೀಗೇ. ನೀವು ಚಿತ್ರದ ಬಗ್ಗೆ ಇಷ್ಟು ಯೋಚಿಸುತ್ತಿದ್ದೀರಿ, ಅದು ಸರಿ. ಆದರೆ ಅಡುಗೆಮನೆಯಲ್ಲಿ ಇರುವವಳನ್ನು ಕರೆಯುವುದು ಸದ್ದು. ಅದನ್ನು ಕೊನೆಯಲ್ಲಿ ಅಂಟಿಸಬೇಡಿ, ತಾಯಿ.

ಕೌಲ್‌ಬಜಾರ್ ಎಡಿಟರ್

ಅಕ್ಕ ಹೇಳಿದ್ದು ಟಿವಿಗೆ ನಿಜ. ಆದರೆ ಈಗ ಆ್ಯಪ್‌ನಲ್ಲಿ ನೋಡುವವರು ಟೈಟಲ್ ಬಂದ ಕೂಡಲೇ ಸ್ಕಿಪ್ ಬಟನ್ ಒತ್ತುತ್ತಾರೆ. ಒಂದೂಕಾಲು ನಿಮಿಷ ಪೂರ್ತಿ ಹಾಡು ಹಾಕಿದರೆ ಯಾರು ಕೇಳುತ್ತಾರೆ? ಅದೂ ಅಲ್ಲದೆ ಹಾಡಿನಲ್ಲಿ ಮಾತು ಇದ್ದರೆ ಕಥೆಯನ್ನೆಲ್ಲ ಅದೇ ಹೇಳಿಬಿಡುತ್ತದೆ. "ಮುಳುಗಿತು ಊರು, ಉಳಿಯಿತು ಕೀಲಿ" ಅಂತ ಯಾರೋ ಹಾಡಿಬಿಟ್ಟರೆ ನಿಮ್ಮ ಪ್ರಶ್ನೆಗೆ ಏನು ಉಳಿಯಿತು?

ರಾಯಚೂರು ಗೃಹಿಣಿ

ಮಾತು ಬೇಡ ಅಂದರೆ ಬೇಡ, ತಮ್ಮ. ಆದರೆ ದನಿ ಇರಲಿ. ಬೀಸುವ ಹಾಡಿನ ಧಾಟಿ ಸಾಕು. ನಮ್ಮಮ್ಮ ಬೀಸುವಾಗ ಮಾತಿಗಿಂತ ಗುನುಗುವುದೇ ಜಾಸ್ತಿ ಇತ್ತು. ಕಲ್ಲಿನ ಗುರ್ ಅನ್ನುವ ಸದ್ದು, ಅದರ ಮೇಲೆ ಅವಳ ದನಿ. ಬೆಳಗಿನ ಜಾವ ಅದನ್ನು ಕೇಳಿ ಎದ್ದವರಿಗೆ ಗೊತ್ತು. ಮುಳುಗಿದ ಊರಿನಲ್ಲೂ ಒಂದು ಬೀಸುಕಲ್ಲು ಇದ್ದೇ ಇತ್ತು ಅಲ್ವಾ?

ಮಾನ್ವಿ ಮೇಷ್ಟ್ರು

ಇದು ಬಹಳ ಒಳ್ಳೆಯ ಮಾತು. ಒಂದು ಎಚ್ಚರಿಕೆ ಸೇರಿಸುತ್ತೇನೆ. ಜನಪದ ಧಾಟಿ ಯಾರೊಬ್ಬರ ಸೊತ್ತೂ ಅಲ್ಲ. ಆದರೆ ಯಾರೋ ರೆಕಾರ್ಡ್ ಮಾಡಿದ ಧ್ವನಿ ಅವರದ್ದು. ಯೂಟ್ಯೂಬ್‌ನಿಂದ ಇಳಿಸಿ ಹಾಕಬೇಡಿ. ನಿಮ್ಮ ಓಣಿಯಲ್ಲೇ ಹಾಡುವ ಹಿರಿಯರು ಇರುತ್ತಾರೆ. ಹೋಗಿ ಕೇಳಿ, ಯಾಕೆ ಅಂತ ಹೇಳಿ, ಒಪ್ಪಿದರೆ ರೆಕಾರ್ಡ್ ಮಾಡಿ. ಅವರ ಹೆಸರು ಟೈಟಲ್‌ನಲ್ಲಿ ಬರಲಿ. ಕೊನೆಯಲ್ಲಿ ಓಡುವ ಚಿಕ್ಕ ಅಕ್ಷರಗಳಲ್ಲಿ ಅಲ್ಲ, ಮುಂದೆ.

ಕುಷ್ಟಗಿ ಕಡೆಯವ

ತೊಟ್ಟಿ ಬಿಡಿ. ದೀಪ ಮತ್ತು ಬಿಳಿ ಬಟ್ಟೆ ತಗೊಳ್ಳಿ.

ನಮ್ಮ ಜಿಲ್ಲೆಯಲ್ಲೇ ತೊಗಲುಗೊಂಬೆ ಆಟ ಇದೆ. ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ನಾನು ಚಿಕ್ಕವನಿದ್ದಾಗ ಊರ ಗುಡಿ ಮುಂದೆ ರಾತ್ರಿಯೆಲ್ಲ ಆಟ ನೋಡಿದ್ದೇನೆ. ಈಗಲೂ ಕಣ್ಣಿಗೆ ಕಟ್ಟಿದ ಹಾಗಿರುವುದು ರಾಮನೂ ಅಲ್ಲ, ರಾವಣನೂ ಅಲ್ಲ. ಆಟ ಶುರುವಾಗುವ ಮುಂಚಿನ ಪರದೆ. ಹಿಂದೆ ದೀಪ ಹಚ್ಚಿದ ಕೂಡಲೇ ಬಟ್ಟೆ ಒಂದು ಥರ ಜೀವ ಬಂದ ಹಾಗೆ ಆಗುತ್ತಿತ್ತು. ಆಮೇಲೆ ಗಣಪತಿ ಬರುತ್ತಿದ್ದ. ಮೇಷ್ಟ್ರು ಹೇಳಿದ ಟೈಟಲ್ ಅದೇ ಅಲ್ವಾ?

ಗೊಂಬೆ ಬಳಸಿ ಅಂತ ನಾನು ಹೇಳುತ್ತಿಲ್ಲ. ಅದು ಆ ಕುಟುಂಬಗಳ ವಿದ್ಯೆ. ಗೊಂಬೆ ಬೇಕಿದ್ದರೆ ಅವರನ್ನೇ ಕರೆಸಿ, ಸಂಭಾವನೆ ಕೊಟ್ಟು, ಹೆಸರು ಹಾಕಿ ಮಾಡಬೇಕು. ನೀವು ದೀಪ ಮತ್ತು ನೆರಳಿನ ಉಪಾಯ ಮಾತ್ರ ತಗೊಳ್ಳಿ. ಲೆಕ್ಕ ಸುಲಭ. ದೀಪದಿಂದ ಬಟ್ಟೆಗೆ ಆರು ಅಡಿ ಇಡಿ. ನಾಲ್ಕು ಇಂಚಿನ ಕೀಲಿಕೈಯನ್ನು ದೀಪದಿಂದ ಒಂದು ಅಡಿ ದೂರ ಹಿಡಿದರೆ ನೆರಳು ಎರಡು ಅಡಿ. ಅರ್ಧ ಅಡಿಗೆ ತಂದರೆ ನಾಲ್ಕು ಅಡಿ. ಬಟ್ಟೆ ಹತ್ತಿರ ಒಯ್ದರೆ ಚಿಕ್ಕದು, ಅಂಚು ಚೂಪು. ಕ್ಯಾಮೆರಾ ಅಲುಗಾಡುವುದೇ ಬೇಡ. ಕೀಲಿಕೈ ತಾನೇ ಮನೆಗಿಂತ ದೊಡ್ಡದಾಗುತ್ತದೆ.

ಮಾನ್ವಿ ಮೇಷ್ಟ್ರು

ಮಾಡಿ ನೋಡಿ. ಬರಹದಲ್ಲಿ ಹಿನ್ನೆಲೆ ಬೇಕಿದ್ದರೆ ಒಂದು ವಿಷಯ ಹೇಳುತ್ತೇನೆ. 1955ರಲ್ಲಿ ಅಮೆರಿಕದ ವಿನ್ಯಾಸಕಾರ ಸಾಲ್ ಬಾಸ್ 'ದಿ ಮ್ಯಾನ್ ವಿತ್ ದಿ ಗೋಲ್ಡನ್ ಆರ್ಮ್' ಸಿನಿಮಾಕ್ಕೆ ಮಾಡಿದ ಟೈಟಲ್‌ನಲ್ಲಿ ಇದ್ದದ್ದು ಕಪ್ಪು ತೆರೆ, ಬಿಳಿ ಪಟ್ಟಿಗಳು, ಕೊನೆಗೆ ಕತ್ತರಿಸಿದಂತೆ ಕಾಣುವ ಒಂದು ಸೊಟ್ಟ ಕೈ. ಒಬ್ಬ ನಟನ ಮುಖವೂ ಇಲ್ಲ. ಸಿನಿಮಾ ಟೈಟಲ್ ಬಗ್ಗೆ ಮಾತು ಬಂದಾಗಲೆಲ್ಲ ಇವತ್ತಿಗೂ ಆ ಕೈಯ ಮಾತು ಬರುತ್ತದೆ.

ಕೊಪ್ಪಳದ ಹುಡುಗಿ

ನಾಲ್ಕು ದಿನದಿಂದ ಇದೇ ಕೆಲಸ. ಆದದ್ದನ್ನೆಲ್ಲ ಬರೆಯುತ್ತೇನೆ, ಮುಂದೆ ಯಾರಿಗಾದರೂ ಉಪಯೋಗ ಆಗಬಹುದು.

ಅಪ್ಪನ ಹಳೇ ಪಂಚೆ ಕಟ್ಟಿದೆವು. ಮೊದಲು ಮನೆಯ ಎಲ್‌ಇಡಿ ಬಲ್ಬ್ ಇಟ್ಟೆವು, ಎರಡು ತೊಂದರೆ ಆಯಿತು. ಬಲ್ಬ್ ಅಗಲ ಇರುವುದರಿಂದ ನೆರಳಿನ ಅಂಚು ಕಲಸಿದ ಹಾಗಾಯಿತು. ಜೊತೆಗೆ ವಿಡಿಯೋದಲ್ಲಿ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಓಡುತ್ತಿದ್ದವು. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ತಕ್ಕ ಹಾಗೆ ಬಲ್ಬ್ ಕಣ್ಣಿಗೆ ಕಾಣದಂತೆ ಮಿನುಗುತ್ತಿತ್ತು, ಮೊಬೈಲ್‌ನ ಶಟರ್ ತನಗೆ ತೋಚಿದ ಹಾಗೆ ಬದಲಾಗುತ್ತಿತ್ತು. ಮ್ಯಾನುವಲ್ ಕ್ಯಾಮೆರಾ ಆ್ಯಪ್ ಹಾಕಿಕೊಂಡು ಶಟರ್ 1/50 ಸೆಕೆಂಡಿಗೆ ಇಟ್ಟ ಮೇಲೆ ಪಟ್ಟೆ ಹೋಯಿತು. ಅಂಚಿನ ಸಲುವಾಗಿ ಬಲ್ಬ್ ತೆಗೆದು ಚಿಕ್ಕ ಟಾರ್ಚ್ ಇಟ್ಟೆವು. ಮುಂದಿನ ಗಾಜು ಬಿಚ್ಚಿದರೆ ಬೆಳಕು ಒಂದೇ ಚುಕ್ಕೆಯಿಂದ ಬರುತ್ತದೆ, ನೆರಳು ಚೂಪಾಗುತ್ತದೆ. ಮುತ್ತಜ್ಜಿಯ ಕೀಲಿಕೈ ನೆರಳು ನಾಲ್ಕು ಅಡಿ ಆದಾಗ ನಾವು ನಾಲ್ಕೂ ಜನ ಮಾತು ನಿಲ್ಲಿಸಿದೆವು. ಅದರ ಹಲ್ಲುಗಳು ಮನೆಯ ಮೆಟ್ಟಿಲಿನ ಹಾಗೆ ಕಾಣುತ್ತಿದ್ದವು.

ನೀರಿಗೆ ಮೊದಲು ತಾಟಿನಲ್ಲಿ ನೀರು ಹಾಕಿ, ತಳದಲ್ಲಿ ಕನ್ನಡಿ ಇಟ್ಟು, ಓರೆಯಾಗಿ ಟಾರ್ಚ್ ಬಿಟ್ಟೆವು. ಅಲೆಯ ಬೆಳಕು ಬಟ್ಟೆ ಮೇಲೆ ಚೆನ್ನಾಗಿಯೇ ಕುಣಿಯಿತು. ಆದರೆ ಅದು ಕುಣಿಯುವ ನೀರು. ನಮಗೆ ಬೇಕಿದ್ದದ್ದು ಏರುವ ನೀರು.

ಮೂರನೇ ರಾತ್ರಿ ತಾಟು ಕೈಜಾರಿ ಬಿತ್ತು. ನೀರು ನೆಲದ ಮೇಲೆ ಹರಿದು ಪಂಚೆಯ ಅಂಚಿಗೆ ಮುಟ್ಟಿತು. ಒರೆಸಲು ಬಟ್ಟೆ ತರುವಷ್ಟರಲ್ಲಿ ಗೆಳತಿ ಕೂಗಿದಳು, ನಿಲ್ಲು, ನೋಡು ಅಂತ. ಪಂಚೆ ನೀರು ಕುಡಿಯುತ್ತಾ ಇತ್ತು. ಒದ್ದೆ ಆದ ಭಾಗದಲ್ಲಿ ಹಿಂದಿನ ಬೆಳಕು ಜಾಸ್ತಿ ತೂರಿ ಬರುತ್ತದೆ, ಒಣಗಿದ ಭಾಗ ಮಬ್ಬಾಗಿರುತ್ತದೆ. ನಡುವೆ ಒಂದು ಗೆರೆ. ಆ ಗೆರೆ ನಿಧಾನಕ್ಕೆ, ಏರುಪೇರಾಗಿ, ಮೇಲೆ ಬರುತ್ತಿತ್ತು. ಸದ್ದಿಲ್ಲ, ರಭಸ ಇಲ್ಲ. ಮುತ್ತಜ್ಜಿ ಹೇಳುತ್ತಿದ್ದಳಂತೆ, ನೀರು ಓಡಿ ಬರಲಿಲ್ಲ, ದಿನಾ ಒಂದು ಗೇಣು ಬಂತು ಅಂತ. ಅಜ್ಜಿ ಈ ಮಾತನ್ನು ಎಷ್ಟೋ ಸಲ ಹೇಳಿದ್ದಾಳೆ. ಅವತ್ತು ರಾತ್ರಿ ಮೊದಲ ಸಲ ನನಗೆ ಅದು ಕಣ್ಣಿಗೆ ಕಂಡಿತು.

ಮರುದಿನ ಬೇಕೆಂದೇ ಬಕೆಟ್‌ನಲ್ಲಿ ಅಂಚು ಅದ್ದಿ ಶೂಟ್ ಮಾಡಿದೆವು. ಹತ್ತು ನಿಮಿಷಕ್ಕೆ ನಾಲ್ಕು ಬೆರಳಿನಷ್ಟು ಏರಿತು. ಅದನ್ನು 30 ಪಟ್ಟು ವೇಗ ಮಾಡಿದರೆ 20 ಸೆಕೆಂಡ್. ರಟ್ಟಿನಲ್ಲಿ ಮೂರು ಇಂಚಿನ ಮನೆ ಕತ್ತರಿಸಿ ಬಟ್ಟೆಗೆ ತಾಗಿಸಿ ನಿಲ್ಲಿಸಿದ್ದೆವು. ಒದ್ದೆ ಗೆರೆ ಮೊದಲು ಕಟ್ಟೆ ದಾಟಿತು, ಆಮೇಲೆ ಬಾಗಿಲು, ಆಮೇಲೆ ಮಾಳಿಗೆ.

ಕುಷ್ಟಗಿ ಕಡೆಯವ

ಇದನ್ನು ಓದಿ ಮೈ ಜುಮ್ ಅಂತು. ಇನ್ನು ಯಾವ ಉಪಾಯವನ್ನೂ ಸೇರಿಸಬೇಡಿ. ಇಷ್ಟೇ ಸಾಕು.

ಕೌಲ್‌ಬಜಾರ್ ಎಡಿಟರ್

ಶಭಾಷ್ ತಂಗಿ. ಎಡಿಟ್‌ಗೆ ಕೂರುವ ಮುಂಚೆ ಒಂದು ಮಾತು. ಮೊಬೈಲ್ ವಿಡಿಯೋದಲ್ಲಿ ಫ್ರೇಮ್ ರೇಟ್ ಒಂದೇ ಸಮ ಇರುವುದಿಲ್ಲ. ಹಾಗೇ ಹಾಕಿದರೆ ಸದ್ದು ಮತ್ತು ಚಿತ್ರ ನಿಧಾನಕ್ಕೆ ಬೇರೆ ಬೇರೆ ಆಗುತ್ತವೆ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಕಾನ್‌ಸ್ಟಂಟ್ (ಒಂದೇ ಸಮನಾದ) ಫ್ರೇಮ್ ರೇಟ್ ಆರಿಸಿ 25ಕ್ಕೆ ಬದಲಾಯಿಸಿಕೊಳ್ಳಿ. ಮತ್ತೆ ಹೆಸರುಗಳು ತೆರೆಯ ಅಂಚಿಗೆ ಹೋಗಬಾರದು. ನಾಲ್ಕೂ ಕಡೆ ನೂರಕ್ಕೆ ಐದರಷ್ಟು ಜಾಗ ಬಿಡಿ.

ಕೊಪ್ಪಳದ ಹುಡುಗಿ

ಅಣ್ಣ, ಈಗ ಅಕ್ಷರದಲ್ಲೇ ಸಿಕ್ಕಿಹಾಕಿಕೊಂಡಿದ್ದೇವೆ. 'ಛಾಯಾಗ್ರಹಣ' ಅಂತ ಟೈಪ್ ಮಾಡಿದರೆ 'ಛಾಯಾಗ್‌ರಹಣ' ಅಂತ ಬರುತ್ತದೆ. 'ನಿರ್ದೇಶನ'ದ ಅರ್ಕಾವೊತ್ತು ಎಲ್ಲೋ ಹೋಗುತ್ತದೆ. ಕಾಲೇಜಿನಲ್ಲಿ 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದನ್ನು ತಂದು ಹಾಕಿದರೆ ಇಂಗ್ಲಿಷ್ ಚಿಹ್ನೆಗಳು ಬರುತ್ತವೆ.

ಅಕ್ಷರ ಕೂಡಿಸುವವ

ನಾನು ಸಿಂಧನೂರಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ, ಇದು ನನ್ನ ವಿಷಯ. ನುಡಿಯ ಹಳೇ ಫಾಂಟ್‌ಗಳು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ, ಅದಕ್ಕೇ ಚಿಹ್ನೆ ಬರುತ್ತಿದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಆದರೆ ಪ್ರೆಫರೆನ್ಸಸ್‌ಗೆ ಹೋಗಿ, ಗ್ರಾಫಿಕ್ಸ್ ವಿಭಾಗದಲ್ಲಿ ಟೆಕ್ಸ್ಟ್ ಎಂಜಿನ್ ಅನ್ನು ಸೌತ್ ಏಷ್ಯನ್‌ಗೆ ಬದಲಾಯಿಸಿ, ಒತ್ತಕ್ಷರ ಸರಿಯಾಗುತ್ತದೆ. ಬೇರೆ ಸಾಫ್ಟ್‌ವೇರ್‌ನಲ್ಲಿ ಆಗದಿದ್ದರೆ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ಹೆಸರು ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡಿ ಚಿತ್ರದ ಹಾಗೆ ತಂದು ಹಾಕಿ. ಎಂದೂ ಒಡೆಯುವುದಿಲ್ಲ.

ಇಂಗ್ಲಿಷ್ ಟೈಟಲ್ ನೋಡಿ ಅಕ್ಷರಗಳ ನಡುವೆ ಜಾಗ ಬಿಡಬೇಡಿ. ಅವರ ಅಕ್ಷರ ಬಿಡಿ ಬಿಡಿ, ಎಷ್ಟು ಎಳೆದರೂ ನಿಲ್ಲುತ್ತವೆ. ನಮ್ಮದರಲ್ಲಿ ಗುಣಿತ, ಒತ್ತು ಎಲ್ಲ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಎಳೆದರೆ ಪದ ಚೂರಾಗುತ್ತದೆ. ಸಾಲಿನ ನಡುವೆ ಮಾತ್ರ ಜಾಸ್ತಿ ಜಾಗ ಕೊಡಿ, ಕೆಳಗಿನ ಒತ್ತು ಮುಂದಿನ ಸಾಲಿಗೆ ತಗುಲಬಾರದು. ಹೆಸರುಗಳಿಗೆ ನೋಟೋ ಸೆರಿಫ್ ಕನ್ನಡ ಅಥವಾ ತಿರೋ ಕನ್ನಡ ಸಾಕು, ಎರಡೂ ಉಚಿತ. ಆದರೆ 'ಕೀಲಿಕೈ' ಅನ್ನುವ ಹೆಸರನ್ನು ಫಾಂಟ್‌ನಲ್ಲಿ ಹಾಕಬೇಡಿ. ಅದೂ ನೆರಳೇ ಆಗಲಿ. ರಟ್ಟಿನಲ್ಲಿ ಕೈಯಿಂದ ಕತ್ತರಿಸಿ.

ಕೊಪ್ಪಳದ ಹುಡುಗಿ

ಕತ್ತರಿಸಿದೆವು! ಎರಡು ರಟ್ಟು ಹಾಳಾದವು, ಮೂರನೆಯದು ಬಂತು. 'ಲಿ'ಯ ಒಳಗಿನ ಖಾಲಿ ಜಾಗಕ್ಕೆ ತೆಳ್ಳಗಿನ ಒಂದು ಸೇತುವೆ ಬಿಡಬೇಕಾಯಿತು, ಇಲ್ಲದಿದ್ದರೆ ತುಂಡು ಉದುರುತ್ತಿತ್ತು.

ಈಗ ಕ್ರಮ ಹೀಗಿದೆ. ಕತ್ತಲೆ, ಬೀಸುಕಲ್ಲಿನ ಸದ್ದು. ಕಡ್ಡಿ ಗೀರಿದ ಸದ್ದು, ಬಟ್ಟೆ ಬೆಳಗುತ್ತದೆ. ಪುಟ್ಟ ಮನೆಯ ನೆರಳು. ಒಂದು ಕೈ ಬಂದು ಬಾಗಿಲಿನ ಹತ್ತಿರ ಕೀಲಿಕೈ ತಿರುಗಿಸುತ್ತದೆ, ಕೀಲಿ ಬಿದ್ದ ಸದ್ದು. ಅಲ್ಲಿಂದ ನೀರು ಏರತೊಡಗುತ್ತದೆ, ಹೆಸರುಗಳು ಒಣಗಿದ ಭಾಗದಲ್ಲಿ ಬರುತ್ತವೆ. ನೀರು ಏರಿದ ಹಾಗೆ ಹೆಸರುಗಳಿಗೆ ಜಾಗ ಕಡಿಮೆ ಆಗುತ್ತಾ ಹೋಗುತ್ತದೆ. ಮನೆ ಮುಳುಗಿದ ಮೇಲೆ ಕೀಲಿಕೈ ನೆರಳು ದೊಡ್ಡದಾಗಿ ಇಡೀ ಬಟ್ಟೆ ತುಂಬುತ್ತದೆ. ಆಗ 'ಕೀಲಿಕೈ'. ನಿರ್ದೇಶನದ ಕಾರ್ಡ್ ಕೊನೆಗೆ. ಕಲ್ಲು ನಿಲ್ಲುತ್ತದೆ, ಗುನುಗು ಮಾತ್ರ ಎರಡು ಸೆಕೆಂಡ್ ಉಳಿಯುತ್ತದೆ.

ಗುನುಗಿದ್ದು ನಮ್ಮ ಹಿಂದಿನ ಓಣಿಯ ಒಬ್ಬ ಅಮ್ಮ. ಎಪ್ಪತ್ತು ದಾಟಿದ್ದಾರೆ. ಅವರ ಮನೆಯ ಬೀಸುಕಲ್ಲು ಈಗ ಹಿತ್ತಲಲ್ಲಿದೆ. ಬೆಳಗಿನ ಐದಕ್ಕೆ ಬನ್ನಿ, ಆಮೇಲೆ ಗಾಡಿಗಳ ಸದ್ದು ಶುರುವಾಗುತ್ತದೆ ಅಂತ ಅವರೇ ಹೇಳಿದರು. ಕಲ್ಲಿನ ಕೆಳಗೆ ಗೋಣಿಚೀಲ ಹಾಸಿ, ಮೊಬೈಲ್ ಒಂದು ಮೊಳ ದೂರ ಇಟ್ಟು ರೆಕಾರ್ಡ್ ಮಾಡಿದೆವು. ಬರೀ ಗುನುಗಿ ಅಮ್ಮಾ ಅಂದರೆ ಮೊದಲು ಆಗಲಿಲ್ಲ, ಮಾತು ಬಂದೇ ಬರುತ್ತಿತ್ತು. ಆಮೇಲೆ ನಾವು ಸುಮ್ನೆ ಕೂತೆವು. ಅವರು ನಮ್ಮನ್ನು ಮರೆತ ಮೇಲೆ ಸಿಕ್ಕಿತು.

ಹೆಸರು ಹೇಗೆ ಹಾಕೋಣ ಅಂತ ಕೇಳಿದೆ. ಗಂಡನ ಮನೆಯ ಅಡ್ಡಹೆಸರು ಬೇಡ, ನನ್ನ ಹೆಸರಿನ ಮುಂದೆ ತವರೂರಿನ ಹೆಸರು ಹಾಕು ಅಂದರು. ಆ ಊರು ಈಗ ನೀರಿನ ಕೆಳಗಿದೆ. ಅವರು ಹುಟ್ಟುವ ಮುಂಚೆಯೇ ಊರು ಖಾಲಿಯಾಗಲು ಶುರುವಾಗಿತ್ತಂತೆ, ಅವರು ಅದನ್ನು ಕಂಡಿಲ್ಲ. ಇಷ್ಟು ದಿನ ಅವರು ಅದನ್ನು ನಮಗೆ ಹೇಳಿರಲಿಲ್ಲ.

ರಾಯಚೂರು ಗೃಹಿಣಿ

ಹಾಕು ತಾಯಿ. ಅವರು ಹೇಳಿದ ಹಾಗೇ ಹಾಕು.

ಮಾನ್ವಿ ಮೇಷ್ಟ್ರು

ಆ ಕಾರ್ಡ್ ಮೂರು ಸೆಕೆಂಡಿಗೆ ಸಾಲದು. ಊರಿನ ಹೆಸರು ಸೇರಿದರೆ ಎರಡು ಸಲ ಓದಲು ನಾಲ್ಕು ಬೇಕು.

ಕೊಪ್ಪಳದ ಹುಡುಗಿ

ಹೌದು ಸರ್, ಓದಿ ನೋಡಿದೆವು, ನಾಲ್ಕೇ ಆಯಿತು. 25 ಫ್ರೇಮ್ ಹೆಚ್ಚಿಗೆ ಬೇಕಿತ್ತು. ನಮ್ಮ ನಾಲ್ವರ ಕಾರ್ಡ್‌ಗಳಿಂದ ತಲಾ ಆರು ಫ್ರೇಮ್ ತೆಗೆದೆವು, ಉಳಿದ ಒಂದನ್ನು 'ಕೀಲಿಕೈ'ಯಿಂದ. ಒಟ್ಟು 1875ಕ್ಕೇ ನಿಂತಿದೆ. ಸೋಮವಾರ ಕಾಲೇಜಿಗೆ ಕೊಡುತ್ತೇವೆ. ಭಾನುವಾರ ಸಂಜೆ ಅಮ್ಮನ ಮನೆಯಲ್ಲಿ, ಅದೇ ಪಂಚೆ ಕಟ್ಟಿ, ಮೊದಲು ಅವರಿಗೆ ತೋರಿಸುತ್ತಿದ್ದೇವೆ.